ಮಳೆಗಾಲದ ನಾಲ್ಕು ತಿಂಗಳು – ಪಲಾಸಿಕೆಯ ಯಾಪನೀಯರು

ಕಳೆದ ದೀಪಾವಳಿಯ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಯ ನಮ್ಮ ಮನೆಗೆ ಬಂದಿದ್ದ. ಖಾನಾಪುರ ತಾಲೂಕಿನ ಹಳ್ಳಿಯ ರೈತನ ಮಗ. ಏಳನೆಯ ತರಗತಿಯವರೆಗೆ ನನ್ನ ಕೈಯಲ್ಲಿ ಕಲಿತವನು. ಈಗ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಇಂಜಿನಿಯರಾಗಿ ಕೆಲವು ವರ್ಷಗಳಿಂದ ಚೀನಾದಲ್ಲಿದ್ದಾನೆ. 2021ರಲ್ಲಿ ಕೊರೋನಾದ ಎರಡನೆಯ ಅಲೆಯಲ್ಲಿ ಅವನ ತಂದೆ ತೀರಿಕೊಂಡರು. ವಿಮಾನಗಳು ನಿಂತುಹೋಗಿದ್ದ ಕಾಲ, ಮಗನಿಗೆ ಬರಲಾಗಲಿಲ್ಲ. ಅಂತ್ಯಸಂಸ್ಕಾರವನ್ನು ಅವನು ಮೊಬೈಲ್ ಪರದೆಯ ಮೇಲೆ ನೋಡಿದ. ಈ ಸಲ ಅವನು ಬಂದದ್ದು ತಂದೆಯ ಪಾಲಿನ ಭತ್ತದ ಗದ್ದೆಯನ್ನು ಮಾರಿ, ಕಾಗದಪತ್ರ ಮುಗಿಸಿ ಹೋಗಲೆಂದು.

ಚಹಾ ಕುಡಿಯುತ್ತ ಅವನು ಶಾಂಡಾಂಗ್ ಪ್ರಾಂತದ ಚೂಫು ಎಂಬ ಊರಿಗೆ ಹೋಗಿಬಂದ ಸಂಗತಿಯನ್ನು ಹೇಳಿದ. ಅದು ಕನ್‌ಫ್ಯೂಷಿಯಸ್‌ನ ಊರು. ಅಲ್ಲಿ ಅವನ ಹೆಸರಿನ ಮಹಾದೇವಾಲಯ, ವಂಶಸ್ಥರ ಭವನ, ಸಾವಿರಾರು ಹಳೆಯ ಮರಗಳ ನಡುವೆ ಆ ಮನೆತನದ ಸ್ಮಶಾನ ಇವೆ. ಗುರುವಿನ ಸಮಾಧಿಯ ಪಕ್ಕದಲ್ಲಿ ಒಂದು ಚಿಕ್ಕ ಕಟ್ಟಡವಿದೆಯಂತೆ. ಗುರು ತೀರಿದ ಮೇಲೆ ಶಿಷ್ಯರೆಲ್ಲ ಮೂರು ವರ್ಷ ಶೋಕವನ್ನು ಆಚರಿಸಿ ಹೊರಟುಹೋದರು. ಜಿಗಾಂಗ್ ಎಂಬ ಶಿಷ್ಯ ಮಾತ್ರ ಅಲ್ಲಿಯೇ ಗುಡಿಸಲು ಹಾಕಿಕೊಂಡು ಇನ್ನೂ ಮೂರು ವರ್ಷ ಉಳಿದನೆಂಬುದರ ನೆನಪಿಗಾಗಿ ಕಟ್ಟಿದ್ದು. "ಅಲ್ಲಿ ಬಹಳ ಹೊತ್ತು ನಿಂತೆ, ಸರ್" ಎಂದ. ಆಮೇಲೆ ಕೇಳಿದ: "ಅವರಿಗೆ ಅಷ್ಟು ಹಳೆಯ ಕಾಲದಿಂದ ಒಬ್ಬ ಗುರು, ಒಂದು ಬೋಧನೆ, ಅದಕ್ಕೊಂದು ಊರು ಇದೆ. ನಮ್ಮ ಖಾನಾಪುರದ ಕಾಡಿನಲ್ಲಿ ಹಿಂದೆ ಯಾರಾದರೂ ಏನನ್ನಾದರೂ ಕಲಿಸುತ್ತಿದ್ದರೇ?"

ಇದ್ದರು, ಹಲಸಿಯಲ್ಲಿ ಎಂದೆ. ಆದರೆ ಅವನಿಗೆ ಅಂದು ಸರಿಯಾಗಿ ವಿವರಿಸಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚೀನಾದ ಗುರುವಿನ ವಿಷಯವನ್ನು ಸ್ವಲ್ಪ ಹೇಳಬೇಕು. ಕನ್‌ಫ್ಯೂಷಿಯಸ್‌ನ ಕಾಲ ಕ್ರಿ.ಪೂ. 551ರಿಂದ 479. ಲು ಎಂಬ ಸಣ್ಣ ರಾಜ್ಯದವನು. ದೊರೆಗಳಿಗೆ ಸಲಹೆ ಹೇಳಲು ಊರೂರು ಅಲೆದು, ಯಾರೂ ಕಿವಿಗೊಡದಿದ್ದಾಗ ಮರಳಿ ಬಂದು ಪಾಠ ಹೇಳಿದವನು. ಕಲಿಯಲು ಬಂದವನು ಒಂದು ಕಟ್ಟು ಒಣಮಾಂಸವನ್ನಷ್ಟೇ ತಂದರೂ ಅವನನ್ನು ತಾನು ಹಿಂದಕ್ಕೆ ಕಳುಹಿಸಿಲ್ಲವೆಂದು ಹೇಳಿಕೊಂಡಿದ್ದಾನೆ. ಅವನು ಸ್ವತಃ ಗ್ರಂಥ ಬರೆದು ಹೊಸ ಮತವನ್ನು ಸ್ಥಾಪಿಸಲಿಲ್ಲ. ಶಿಷ್ಯರು, ಶಿಷ್ಯರ ಶಿಷ್ಯರು ಅವನ ಮಾತುಗಳನ್ನು ಸಂಗ್ರಹಿಸಿದರು. ಆ ಬೋಧನೆಯಲ್ಲಿ ಎರಡು ಮಾತುಗಳು ಮುಖ್ಯ. ಒಂದು 'ರೆನ್', ಅಂದರೆ ಮನುಷ್ಯ ಮನುಷ್ಯನಿಗೆ ತೋರಬೇಕಾದ ಮನುಷ್ಯತ್ವ. ಇನ್ನೊಂದು 'ಲೀ', ಅಂದರೆ ಆಚಾರ, ನಡೆವಳಿ, ವಿಧಿ. ಇವೆರಡಕ್ಕೂ ಬೇರು ತಂದೆತಾಯಿಗಳ ಮೇಲಿನ ಭಕ್ತಿ. ಮೂರು ವರ್ಷದ ಶೋಕವೇಕೆ, ಒಂದು ವರ್ಷ ಸಾಲದೇ ಎಂದು ಶಿಷ್ಯನೊಬ್ಬ ಕೇಳಿದಾಗ, ಹುಟ್ಟಿದ ಮಗು ತಂದೆತಾಯಿಯ ತೋಳಿನಿಂದ ಕೆಳಗಿಳಿಯಲು ಮೂರು ವರ್ಷ ಬೇಕಲ್ಲವೇ ಎಂಬರ್ಥದ ಉತ್ತರವನ್ನು ಅವನು ಕೊಟ್ಟನು. ಮರಣಾನಂತರದ ವಿಚಾರವನ್ನು ಕೇಳಿದರೆ ಮಾತು ಬೆಳೆಸುತ್ತಿರಲಿಲ್ಲ. ಬದುಕನ್ನೇ ಇನ್ನೂ ಅರಿತಿಲ್ಲವಲ್ಲ ಎನ್ನುತ್ತಿದ್ದನು.

ಅದೇ ಸುಮಾರಿಗೆ ಮಗಧದ ಕಡೆಯಲ್ಲಿ ವರ್ಧಮಾನ ಮಹಾವೀರನು ಬೋಧಿಸುತ್ತಿದ್ದನು. ಜೈನ ಸಂಪ್ರದಾಯದಂತೆ ಅವನ ನಿರ್ವಾಣ ಕ್ರಿ.ಪೂ. 527, ಈಚಿನ ಹಲವು ವಿದ್ವಾಂಸರು ಅದನ್ನು ಕೆಲವು ದಶಕಗಳಷ್ಟು ಈಚೆಗೆ ತರುತ್ತಾರೆ. ಇಬ್ಬರೂ ದೇವರ ಹೆಸರಿನಲ್ಲಿ ಮಾತನಾಡಲಿಲ್ಲ. ನಡತೆಯನ್ನು ಕುರಿತು ಮಾತನಾಡಿದರು. ದಾರಿಗಳು ಮಾತ್ರ ತೀರ ಬೇರೆ. ಒಬ್ಬನು ಮನೆಯೊಳಗೆ ಮಗನಾಗಿ, ಅಣ್ಣನಾಗಿ, ಪ್ರಜೆಯಾಗಿ ಸರಿಯಾಗಿರು ಎಂದನು. ಇನ್ನೊಬ್ಬನು ಕೊನೆಗೆ ಮನೆಯನ್ನೇ ಬಿಟ್ಟು ನಡೆ, ಯಾವ ಜೀವಿಗೂ ನೋವು ಮಾಡಬೇಡ, ಏನನ್ನೂ ನಿನ್ನದೆಂದು ಇಟ್ಟುಕೊಳ್ಳಬೇಡ ಎಂದನು. ಮನೆ ಬಿಟ್ಟವರ ಈ ಧರ್ಮವು ಮನೆಯಲ್ಲಿರುವವರ ನಡುವೆ ಹೇಗೆ ಬೇರೂರಿತು? ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಖಾನಾಪುರದಿಂದ ನಂದಗಡದ ಮೇಲೆ ಹಲಸಿಗೆ ಹೋದರೆ ಸಾಕು.

ಹಲಸಿಯ ಹಳೆಯ ಹೆಸರು ಪಲಾಸಿಕಾ. ಪ್ರಾಚೀನ ಕನ್ನಡದ ಪಕಾರವು ಮುಂದೆ ಹಕಾರವಾಗುವುದನ್ನು, ಪಾಲು ಹಾಲಾದದ್ದನ್ನು, ಪೂ ಹೂವಾದದ್ದನ್ನು, ನಾನು ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಪಲಾಸಿಕೆ ಹಲಸಿಗೆಯಾಗಿ ಕೊನೆಗೆ ಹಲಸಿಯಾದದ್ದು ಅದೇ ನಿಯಮದಿಂದ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಊರಿನ ಹೊರಗೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರದ ಮಣ್ಣದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಏಳು ತಾಮ್ರಶಾಸನಗಳು ಸಿಕ್ಕವು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಅವುಗಳನ್ನು ಓದಿ, 1877ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಏಳೂ ಸಂಸ್ಕೃತದಲ್ಲಿವೆ, ಏಳೂ ಜೈನಧರ್ಮಕ್ಕೆ ಸಂಬಂಧಿಸಿದವು.

ಕದಂಬರು ಜೈನರಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೂಲಪುರುಷ ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಬ್ರಾಹ್ಮಣ; ಅಲ್ಲಿ ಪಲ್ಲವರ ಕಡೆಯ ಅಶ್ವಾರೋಹಿಯೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದವನು. ಇದನ್ನು ಹೇಳುವುದು ತಾಳಗುಂದದ ಶಾಸನ. ಅಂಥವನ ವಂಶಸ್ಥರು ಪಲಾಸಿಕೆಯಲ್ಲಿ ಜಿನಾಲಯಗಳನ್ನು ಕಟ್ಟಿಸಿದರು.

ಏಳರಲ್ಲಿ ಹಳೆಯದು ಕಾಕುಸ್ಥವರ್ಮನು ಯುವರಾಜನಾಗಿದ್ದಾಗಿನದು. ಶ್ರುತಕೀರ್ತಿಯೆಂಬ ಸೇನಾಪತಿ ತನ್ನನ್ನು ಅಪಾಯದಿಂದ ಪಾರುಮಾಡಿದ್ದಕ್ಕಾಗಿ ಖೇಟಗ್ರಾಮದಲ್ಲಿ ಅವನಿಗೆ ಹೊಲವನ್ನು ಕೊಟ್ಟನೆಂದು ಅದರಲ್ಲಿದೆ. ಶಾಸನವು ಜಿನೇಂದ್ರನ ಜಯಕಾರದಿಂದ ತೊಡಗಿ ಋಷಭನಿಗೆ ವಂದನೆಯೊಂದಿಗೆ ಮುಗಿಯುತ್ತದೆ. ಎರಡನೆಯದು ಅವನ ಮೊಮ್ಮಗ ಮೃಗೇಶವರ್ಮನದು. ಬನವಾಸಿಯಲ್ಲಿದ್ದುಕೊಂಡು ಅವನು ತನ್ನ ಎಂಟನೆಯ ಆಳ್ವಿಕೆಯ ವರ್ಷದಲ್ಲಿ, ತೀರಿಕೊಂಡ ತಂದೆಯ ಮೇಲಿನ ಭಕ್ತಿಯಿಂದ, ಪಲಾಸಿಕೆಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ದಾನಮಾಡಿದನು. ದಾನ ಪಡೆದವರು ಯಾಪನೀಯರು, ನಿರ್ಗ್ರಂಥರು ಮತ್ತು ಕೂರ್ಚಕರು, ಅಂದರೆ ಜೈನ ಮುನಿಗಳ ಮೂರು ಬೇರೆ ಬೇರೆ ಗುಂಪುಗಳು. ಹಾವೇರಿಯ ಕಡೆಯ ದೇವಗಿರಿಯಲ್ಲಿ ಸಿಕ್ಕ ಮೃಗೇಶನ ಇನ್ನೊಂದು ಶಾಸನದಲ್ಲಿ ಒಂದು ಊರನ್ನೇ ಮೂರು ಪಾಲು ಮಾಡಿದ್ದಾನೆ: ಜಿನೇಂದ್ರನಿಗೆ ಒಂದು, ಬಿಳಿಬಟ್ಟೆಯ ಶ್ವೇತಪಟರ ಸಂಘಕ್ಕೆ ಒಂದು, ನಿರ್ಗ್ರಂಥರ ಸಂಘಕ್ಕೆ ಒಂದು. ಪಕ್ಷಗಳು ಆಗಲೇ ಒಡೆದಿದ್ದವು. ದೊರೆ ಯಾರನ್ನೂ ಹೊರಗಿಡಲಿಲ್ಲ.

ತಂದೆಯ ನೆನಪಿಗೆ ಮಗನು ಕಟ್ಟಿಸಿದ ಗುಡಿ ಎಂಬ ಮಾತನ್ನು ಚೂಫುವಿನ ಪಂಡಿತರು ಕೇಳಿದ್ದರೆ ತಲೆದೂಗುತ್ತಿದ್ದರು. ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮೃಗೇಶನ ಮಗ ರವಿವರ್ಮನ ಕಾಲದ ಶಾಸನ. ಅದು ಶಾಸನಕ್ಕಿಂತ ಹೆಚ್ಚಾಗಿ ಒಂದು ಮನೆತನದ ಕಥೆಯಂತಿದೆ. ಕಾಕುಸ್ಥನು ಶ್ರುತಕೀರ್ತಿಗೆ ಕೊಟ್ಟ ಊರಿನಿಂದ ಅದು ಆರಂಭವಾಗುತ್ತದೆ. ಶ್ರುತಕೀರ್ತಿ ತೀರಿದ ಮೇಲೆ ಮೃಗೇಶನು, ತನ್ನ ತಂದೆಯ ಅಪ್ಪಣೆಯನ್ನು ನೆನೆದು, ಅದನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗ, ರಾಜನ ಪ್ರತೀಹಾರನಾಗಿದ್ದ ಜಯಕೀರ್ತಿಯು, ತನ್ನ ತಂದೆತಾಯಿಗಳ ಪುಣ್ಯಕ್ಕಾಗಿ ಪುರುಖೇಟಕವೆಂಬ ಊರನ್ನು ಧರ್ಮಕ್ಕೆ ಬಿಟ್ಟನು. ಆಮೇಲೆ ರವಿವರ್ಮನ ಕಟ್ಟಳೆ ಬರುತ್ತದೆ. ಈ ಊರಿನ ಆದಾಯದಿಂದ ವರ್ಷವರ್ಷವೂ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಊಟ ಸಲ್ಲಬೇಕು. ಕುಮಾರದತ್ತ ಮೊದಲಾದ ವಿದ್ವಾಂಸರು ಇದನ್ನು ಅನುಭವಿಸಬೇಕು. ಎಲ್ಲಿ ಜಿನಪೂಜೆ ನಡೆಯುವುದೋ ಅಲ್ಲಿ ನಾಡು ಬೆಳೆಯುವುದು, ನಗರಗಳಿಗೆ ಭಯವಿರದು ಎಂಬ ಅರ್ಥದ ಮಾತೂ ಅದರಲ್ಲಿದೆ.

ಮಳೆಗಾಲದ ನಾಲ್ಕು ತಿಂಗಳು! ಬಯಲುಸೀಮೆಯವರು ಇದನ್ನು ಓದಿ ಮುಂದೆ ಹೋಗಬಹುದು. ಖಾನಾಪುರದ ಮಳೆಯನ್ನು ಕಂಡವರು ಹೋಗಲಾರರು. ಜೈನ ಮುನಿಗಳು ಮಳೆಗಾಲದಲ್ಲಿ ಸಂಚರಿಸುವುದಿಲ್ಲ. ನೆಲವೆಲ್ಲ ಹುಲ್ಲು, ಮೊಳಕೆ, ಹುಳು, ಉಂಬಳ. ಎಲ್ಲಿ ಕಾಲಿಟ್ಟರೂ ಒಂದು ಜೀವ. ಹೀಗಾಗಿ ಒಂದೇ ಕಡೆ ನಿಲ್ಲಬೇಕು. ಆದರೆ ಅವರು ಅಡುಗೆ ಮಾಡಿಕೊಳ್ಳುವಂತಿಲ್ಲ, ಕಾಳುಕಡ್ಡಿ ಕೂಡಿಡುವಂತಿಲ್ಲ. ಉಳಿದ ಎಂಟು ತಿಂಗಳು ಊರೂರು ನಡೆಯುವವನಿಗೆ ಒಂದೊಂದು ಊರು ಒಂದೊಂದು ತುತ್ತು ಹಾಕೀತು. ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಂತರೆ ಆ ಊರೇ ಹೊರಬೇಕು. ಅಹಿಂಸೆಯ ಸೂಕ್ಷ್ಮವಾದ ತತ್ತ್ವವೊಂದು ಹೀಗೆ ಭತ್ತದ ಲೆಕ್ಕವಾಗಿ, ಪುರುಖೇಟಕದ ರೈತರ ಬೆವರಾಗಿ ಇಳಿದುಬಂದಿತು. ಮುನಿಗೆ ಬೇರೆ ಕೆಲಸವಿಲ್ಲ. ಸುತ್ತಲಿನವರಿಗೂ ನಾಟಿಯ ಬಳಿಕ ಕೊಂಚ ಬಿಡುವು. ಪ್ರವಚನ, ಓದು, ಮಕ್ಕಳಿಗೆ ಅಕ್ಷರ ಎಲ್ಲವೂ ನಡೆದದ್ದು ಆ ನಾಲ್ಕು ತಿಂಗಳಲ್ಲಿಯೇ ಇರಬೇಕೆಂದು ನನ್ನ ಊಹೆ.

ಈ ಊಹೆಗೆ ಒಂದು ಸ್ವಂತ ಕಾರಣವೂ ಇದೆ. 1974ರ ಜೂನ್‌ನಲ್ಲಿ ನಾನು ಮೊದಲು ಸೇವೆಗೆ ಸೇರಿದ್ದು ಖಾನಾಪುರದ ಪಶ್ಚಿಮಕ್ಕೆ, ಕಾಡಂಚಿನ ಒಂದು ಹಳ್ಳಿಯಲ್ಲಿ. ಸೇರಿದ ಹದಿನೈದು ದಿನಕ್ಕೆ ಹಳ್ಳದ ಸೇತುವೆ ನೀರಿನಡಿ ಹೋಯಿತು. ಇಪ್ಪತ್ತೆರಡರ ಹುಡುಗನಿಗೆ ಅನ್ನ ಬೇಯಿಸಲು ಬರದು. ಒಲೆ ಹೊತ್ತಿಸಲು ಒಣಕಟ್ಟಿಗೆಯೂ ಇಲ್ಲ. ಶಾಲೆಯ ಎದುರುಮನೆಯ ಮುದುಕಿ, ಮರಾಠಿ ಮಾತನಾಡುವ ರೈತ ಮನೆತನದವಳು, ಮೂರನೆಯ ದಿನ ಬಾಗಿಲಿಗೆ ಬಂದು ಊಟಕ್ಕೆ ಕರೆದಳು. ಮೃಗಶಿರದಿಂದ ನವರಾತ್ರಿಯವರೆಗೆ ನಾನು ಆ ಮನೆಯಲ್ಲಿ ಉಂಡೆ. ಸಂಬಳ ಕೈಗೆ ಬಂದಾಗ ಹಣ ಕೊಡಲು ಹೋದರೆ, "ಮಾಸ್ತರಾಕಡೂನ್ ಪೈಸೆ ಘೇತಾತ್ ಕಾಯ್?" ಎಂದು ಗದರಿದಳು. ಮಾಸ್ತರನ ಕಡೆಯಿಂದ ದುಡ್ಡು ತೆಗೆದುಕೊಳ್ಳುತ್ತಾರೆಯೇ ಎಂದು. ಮೊಮ್ಮಗಳಿಗೆ ಸಂಜೆ ನಾಲ್ಕಕ್ಷರ ಹೇಳಿಕೊಡು ಎಂದಳು. ಹೇಳಿಕೊಟ್ಟೆ. ಆ ಅಜ್ಜಿ ಜೈನಳಲ್ಲ. ಯಾಪನೀಯರ ಹೆಸರನ್ನು ಅವಳು ಕೇಳಿದ್ದಿಲ್ಲ, ಆಗ ನಾನೂ ಕೇಳಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಫ್ಲೀಟ್‌ರ ಅನುವಾದದಲ್ಲಿ ಆ ಸಾಲನ್ನು ಓದಿದಾಗ ಪುಸ್ತಕವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇನ್ನು ಯಾಪನೀಯರು ಯಾರೆಂಬ ಪ್ರಶ್ನೆ. ಇವರ ವಿಷಯದಲ್ಲಿ ಬಹಳ ದುಡಿದವರು ನಮ್ಮ ಜಿಲ್ಲೆಯವರೇ ಆದ ಆ.ನೇ. ಉಪಾಧ್ಯೆ. ಸದಲಗಾ ಗ್ರಾಮದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತವನ್ನು ಕಲಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಜೈನರಲ್ಲಿ ದಿಗಂಬರ, ಶ್ವೇತಾಂಬರ ಎಂಬ ಎರಡು ಪಂಥಗಳು ಎಲ್ಲರಿಗೂ ಗೊತ್ತು. ಮೂರನೆಯದೊಂದು ಇತ್ತು, ಅದು ಮುಖ್ಯವಾಗಿ ಕರ್ನಾಟಕದ್ದು, ಅದರಲ್ಲೂ ಬೆಳಗಾವಿ-ಧಾರವಾಡದ ಸೀಮೆಯಲ್ಲಿ ಪ್ರಬಲವಾಗಿತ್ತು ಎಂಬುದು ಅವರ ಲೇಖನಗಳಿಂದ ಸ್ಪಷ್ಟವಾಗುತ್ತದೆ. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿದ್ದರು, ನವಿಲುಗರಿಯ ಪಿಂಛವನ್ನು ಹಿಡಿಯುತ್ತಿದ್ದರು, ಅಂಗೈಯಲ್ಲಿಯೇ ಉಣ್ಣುತ್ತಿದ್ದರು. ಆದರೆ ತತ್ತ್ವದಲ್ಲಿ ಹಲವು ಕಡೆ ಶ್ವೇತಾಂಬರರ ಹತ್ತಿರವಿದ್ದರು. ಅವರು ಒಪ್ಪುವ ಆಗಮಗಳನ್ನು ಇವರೂ ಓದುತ್ತಿದ್ದರು. ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವುಂಟು ಎನ್ನುತ್ತಿದ್ದರು. ದಿಗಂಬರರು ಇದನ್ನು ಒಪ್ಪುವುದಿಲ್ಲ. ಇನ್ನೂ ಮುಂದೆ ಹೋಗಿ, ಬೇರೆಯವರ ಶಾಸನದಲ್ಲಿದ್ದವರಿಗೂ, ಎಂದರೆ ಪರಮತದವರಿಗೂ, ಮೋಕ್ಷ ಸಾಧ್ಯವೆಂದರು.

ನನಗೆ ಇವರ ಮೇಲೆ ಪಕ್ಷಪಾತವಿದೆಯೆಂದು ಓದುಗರು ಭಾವಿಸಿದರೆ ಅದು ತಪ್ಪಲ್ಲ. ಇಬ್ಬರು ಜಗಳವಾಡುತ್ತಿರುವಾಗ ಒಬ್ಬನ ಉಡುಪನ್ನು ತೊಟ್ಟು (ತೊಡದೆ ಎನ್ನಬೇಕೋ ಏನೋ) ಇನ್ನೊಬ್ಬನ ಪುಸ್ತಕವನ್ನು ಓದುವವನ ಬದುಕು ಸುಲಭವಲ್ಲ. ಎರಡು ಭಾಷೆಗಳ ನಡುವೆ ಬಾಳಿದ ನಮ್ಮ ಬೆಳಗಾವಿಯವರಿಗೆ ಇದು ಬೇಗ ಅರ್ಥವಾದೀತು.

ಇವರ ವಿದ್ವತ್ತೂ ಸಣ್ಣದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಪಾಲ್ಯಕೀರ್ತಿ ಶಾಕಟಾಯನನು ಯಾಪನೀಯ. ಅವನು ಸಂಸ್ಕೃತಕ್ಕೆ ಹೊಸ ವ್ಯಾಕರಣವನ್ನು ರಚಿಸಿ, ಅದಕ್ಕೆ ತಾನೇ ಬರೆದ ವೃತ್ತಿಗೆ ದೊರೆಯ ಹೆಸರಿನಿಂದ ಅಮೋಘವೃತ್ತಿ ಎಂದು ಹೆಸರಿಟ್ಟನು. ಸ್ತ್ರೀಮುಕ್ತಿಯನ್ನು ತರ್ಕದಿಂದ ಸ್ಥಾಪಿಸುವುದಕ್ಕಾಗಿಯೇ ಒಂದು ಪ್ರಕರಣವನ್ನು ಬರೆದನು. ಕೇವಲಜ್ಞಾನ ಪಡೆದವನೂ ಊಟ ಮಾಡುತ್ತಾನೆ ಎಂದು ವಾದಿಸಲು ಇನ್ನೊಂದನ್ನು ಬರೆದನು. ಸರ್ವಜ್ಞನಾದರೂ ಹಸಿವು ತಪ್ಪದು ಎಂಬ ಈ ಪಕ್ಷವನ್ನು ಮಳೆಗಾಲದ ಊಟದ ಶಾಸನದೊಂದಿಗೆ ಜೋಡಿಸಿ ನಾನು ಕೆಲವೊಮ್ಮೆ ನಗುವುದುಂಟು. ಶಿವಾರ್ಯನ 'ಭಗವತೀ ಆರಾಧನಾ' ಎಂಬ ಪ್ರಾಕೃತ ಗ್ರಂಥವೂ ಯಾಪನೀಯರದೆಂದು ಹಲವು ವಿದ್ವಾಂಸರ ಮತ. ಸಾವನ್ನು ಎಚ್ಚರದಿಂದ, ಸಮಾಧಾನದಿಂದ ಎದುರಿಸುವ ಬಗೆಯನ್ನು ಹೇಳುವ ಗ್ರಂಥ ಅದು. ಕನ್‌ಫ್ಯೂಷಿಯಸ್ ಯಾವ ಪ್ರಶ್ನೆಯನ್ನು ಬದಿಗೆ ಸರಿಸಿದನೋ ಅದನ್ನೇ ಇದು ಮುಖ್ಯವಾಗಿ ಕೈಗೆತ್ತಿಕೊಂಡಿದೆ. ಅದರ ಗಾಹೆಗಳಿಗೆ ಕಥೆಗಳನ್ನು ಹೇಳುತ್ತ ಬೆಳೆದದ್ದು ನಮ್ಮ 'ವಡ್ಡಾರಾಧನೆ'. ಕನ್ನಡದಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಗದ್ಯಕೃತಿ ಅದು. ಪಲಾಸಿಕೆಯಂಥ ಊರುಗಳು ಭತ್ತ ಕೊಟ್ಟು ಸಾಕಿದ ಪರಂಪರೆಯಿಂದ ಕನ್ನಡಕ್ಕೆ ಬಂದ ಪಾಲು ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಡೆ ಅಕ್ಷರಾಭ್ಯಾಸಕ್ಕೆ 'ಓನಾಮ' ಎನ್ನುವ ರೂಢಿಯಿತ್ತು. ನನ್ನ ಅಜ್ಜ ಮರಳಿನ ಮೇಲೆ ಬೆರಳು ಹಿಡಿಸಿ ತಿದ್ದಿಸಿದ್ದೂ ಅದನ್ನೇ. 'ಓಂ ನಮಃ ಸಿದ್ಧಂ' ಎಂಬುದು ಸವೆದು ಓನಾಮವಾಯಿತು. ಇದು ಜೈನ ಉಪಾಧ್ಯಾಯರ ಕಾಲದ ಕುರುಹು ಎಂದು ಹಲವರು ಹೇಳುತ್ತಾರೆ. ಮರಾಠಿಯಲ್ಲಿಯೂ ಇದೇ ಮಾತು ಇದೆ. ಅನ್ನ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನರು ಹೇಳುತ್ತಾರಲ್ಲ, ಅದರಲ್ಲಿ ಶಾಸ್ತ್ರದಾನವೆಂದರೆ ವಿದ್ಯೆ ಕೊಡುವುದು. ಶಾಲಾಮಾಸ್ತರನಾಗಿದ್ದ ನನಗೆ ಈ ಪಟ್ಟಿಯಲ್ಲಿ ಅನ್ನಕ್ಕೂ ವಿದ್ಯೆಗೂ ಒಂದೇ ಸಾಲಿನಲ್ಲಿ ಜಾಗ ಸಿಕ್ಕಿರುವುದು ಬಹಳ ಇಷ್ಟ.

ಪಲಾಸಿಕೆಯಿಂದ ಬೆಳಗಾವಿಗೆ ಬರೋಣ. ವೇಣುಗ್ರಾಮವೆಂದು ಶಾಸನಗಳು ಕರೆಯುವ ಈ ಊರು ಸವದತ್ತಿಯ ರಟ್ಟರ ಕೈಯಲ್ಲಿ ಬೆಳಗಿತು. ಕೋಟೆಯೊಳಗಿನ ಕಮಲಬಸದಿಯನ್ನು ನೋಡದ ಬೆಳಗಾವಿಯವರು ಕಡಿಮೆ. ರಟ್ಟ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ್ದು; 1204ರಲ್ಲಿ ಅದಕ್ಕೆ ಶುಭಚಂದ್ರ ಭಟ್ಟಾರಕರ ಮೂಲಕ ದತ್ತಿ ಬಿಟ್ಟಾಗಿನ ಶಾಸನಗಳಿವೆ. ಆ ದತ್ತಿಯಲ್ಲಿ ಪೇಟೆಯ ವರ್ತಕರೂ ಪಾಲುಗೊಂಡರು. ಅಕ್ಕಸಾಲಿಗರು, ಬಟ್ಟೆಯವರು, ಎಣ್ಣೆಯವರು, ಲಾಳದೇಶದವರು, ಮಲೆಯಾಳದವರು ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟೆಂದು ಒಪ್ಪಿಕೊಂಡರು. ಪಲಾಸಿಕೆಯಲ್ಲಿ ಒಬ್ಬ ದೊರೆ, ಒಂದು ಮನೆತನ ಕೊಡುತ್ತಿದ್ದುದನ್ನು ಏಳು ನೂರು ವರ್ಷಗಳ ಮೇಲೆ ಇಲ್ಲಿ ಇಡೀ ಸಂತೆ ಕೊಡುತ್ತಿತ್ತು. ಆ ಶಾಸನಗಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಮಲಬಸದಿಯ ಛತ್ತಿನಿಂದ ಇಳಿಬಿಟ್ಟಂತಿರುವ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡುತ್ತ ಮಕ್ಕಳು ದಳಗಳನ್ನು ಎಣಿಸುತ್ತಿದ್ದರು. ಎಣಿಕೆ ಒಬ್ಬೊಬ್ಬರದು ಒಂದೊಂದಾಗುತ್ತಿತ್ತು.

ಆದರೆ ನಮ್ಮ ಕಥೆಗೆ ಬೇಕಾದ ಬಸದಿ ಇದಲ್ಲ, ಊರೊಳಗಿನ ದೊಡ್ಡಬಸದಿ. ಅಲ್ಲಿಯ ನೇಮಿನಾಥ ಮೂರ್ತಿಯ ಪೀಠದ ಮೇಲೆ ಹಳಗನ್ನಡದ ಬರೆಹವೊಂದಿದೆ. 1013ರಲ್ಲಿ ಬಸದಿಯನ್ನು ಮಾಡಿಸಿದವನು ಪಾರಿಸಯ್ಯ, ಅದು ಯಾಪನೀಯ ಸಂಘದ್ದು ಎಂಬುದು ಅದರ ತಾತ್ಪರ್ಯವೆಂದು ಉಪಾಧ್ಯೆಯವರು ತಿಳಿಸಿ, ಯಾಪನೀಯರು ನಿಲ್ಲಿಸಿದ ಮೂರ್ತಿಯನ್ನು ಇಂದು ದಿಗಂಬರರು ಪೂಜಿಸುತ್ತಿದ್ದಾರೆಂಬ ಕಡೆಗೆ ಓದುಗರ ಗಮನ ಸೆಳೆದಿದ್ದಾರೆ. ಇದಕ್ಕೂ ಮೊದಲು, 980ರ ಸವದತ್ತಿಯ ಶಾಸನದಲ್ಲಿ ಯಾಪನೀಯರ ಕಂಡೂರು ಗಣದ ಮುನಿಗಳ ಹೆಸರುಗಳಿವೆ. ಅವರ ಕೊನೆಯ ಕುರುಹುಗಳಲ್ಲಿ ಒಂದು ಸಿಗುವುದೂ ಇದೇ ಜಿಲ್ಲೆಯಲ್ಲಿ. ಅಥಣಿಯ ಕಡೆಯ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವೊಂದು ಧರ್ಮಕೀರ್ತಿ, ನಾಗಚಂದ್ರರೆಂಬ ಯಾಪನೀಯ ಗುರುಗಳನ್ನು ಹೆಸರಿಸುತ್ತದೆ. ಅಲ್ಲಿಂದ ಮುಂದೆ ಮೌನ. ಹಲಸಿಯ ದಿಬ್ಬದಿಂದ ಕಾಗವಾಡದ ನೆಲಮಾಳಿಗೆಯವರೆಗೆ ಸುಮಾರು ಒಂಬೈನೂರು ವರ್ಷ. ಬಂದದ್ದೂ ಹೋದದ್ದೂ ನಮ್ಮ ಅಂಗಳದಲ್ಲಿ, ನಮಗೆ ಗೊತ್ತಾಗಲಿಲ್ಲ.

ಯಾಕೆ ಅಳಿದರು? ಯಾರೂ ಅವರನ್ನು ಕೊಂದದ್ದಕ್ಕೆ ಸಾಕ್ಷಿಯಿಲ್ಲ. ರೂಪದಲ್ಲಿ ದಿಗಂಬರರಂತೆಯೇ ಇದ್ದುದರಿಂದ ದತ್ತಿಗಳು ಕಡಿಮೆಯಾದಂತೆ ಅವರಲ್ಲಿ ಬೆರೆತುಹೋದರೆಂದು ತೋರುತ್ತದೆ. ಇಲ್ಲಿಯೇ ಚೀನಾದ ಹೋಲಿಕೆ ಬೋಧಪ್ರದವಾದದ್ದು. ಕನ್‌ಫ್ಯೂಷಿಯಸ್‌ನ ಪರಂಪರೆಯೂ ಒಮ್ಮೆ ಅಳಿವಿನ ಅಂಚಿಗೆ ಹೋಗಿತ್ತು, ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿಯು ಗ್ರಂಥಗಳನ್ನು ಸುಡಿಸಿದನು. ಆದರೆ ಹಾನ್ ವಂಶದ ವೂ ಚಕ್ರವರ್ತಿಯು ಕ್ರಿ.ಪೂ. 136ರಲ್ಲಿ ಐದು ಗ್ರಂಥಗಳಿಗೆ ಅಧ್ಯಾಪಕರನ್ನು ನೇಮಿಸಿದನು, ಕ್ರಿ.ಪೂ. 124ರಲ್ಲಿ 50 ವಿದ್ಯಾರ್ಥಿಗಳ ಒಂದು ರಾಜವಿದ್ಯಾಲಯವನ್ನು ತೆರೆದನು. ಅಲ್ಲಿಂದ ಬೆಳೆದ ಪರೀಕ್ಷಾಪದ್ಧತಿ 1905ರವರೆಗೆ ನಡೆಯಿತು. ಅಧಿಕಾರ ಬೇಕಾದವನು ಈ ಗ್ರಂಥಗಳನ್ನು ಬಾಯಿಪಾಠ ಮಾಡಲೇಬೇಕು! ಕೊರಿಯಾ, ವಿಯೆಟ್ನಾಂಗಳೂ ಅದನ್ನೇ ಅನುಸರಿಸಿದವು. ಜಪಾನಿನ ನಡೆನುಡಿಯಲ್ಲಿಯೂ ಅದು ಇಳಿಯಿತು. ಹೆಸರು ಉಳಿಯಿತು. ಆದರೆ ಪರೀಕ್ಷೆಗಾಗಿ ಓದಿದ ಗ್ರಂಥವನ್ನು ಮಕ್ಕಳು ಹೇಗೆ ಓದುತ್ತಾರೆಂಬುದನ್ನು ನಾನು ಜೀವಮಾನವಿಡೀ ಕಂಡಿದ್ದೇನೆ. ಒಣಮಾಂಸದ ಕಟ್ಟನ್ನು ತಂದವನಿಗೂ ಪಾಠ ಹೇಳಿದ ಗುರುವಿನ ಬೋಧನೆ ಶ್ರೀಮಂತರ ಮಕ್ಕಳ ಹುದ್ದೆಯ ಏಣಿಯಾಯಿತು. ಹೆಣ್ಣುಮಕ್ಕಳಿಗೆ ಆ ಪರೀಕ್ಷಾಮಂದಿರದ ಬಾಗಿಲು ತೆರೆಯಲೇ ಇಲ್ಲ. 1966ರಲ್ಲಿ ಕೆಂಪುದಳದ ಹುಡುಗರು ಚೂಫುವಿಗೆ ನುಗ್ಗಿ ಸಮಾಧಿಯನ್ನು ಅಗೆದು ಶಿಲಾಲೇಖಗಳನ್ನು ಒಡೆದರು. ಈಗ ಅವನ್ನು ಸಿಮೆಂಟಿನಿಂದ ಕೂಡಿಸಿ ನಿಲ್ಲಿಸಿದ್ದಾರೆ. ಸೀಳುಗಳು ಎದ್ದು ಕಾಣುತ್ತವೆಂದು ನನ್ನ ಶಿಷ್ಯ ಹೇಳಿದ.

ಯಾಪನೀಯರಿಗೆ ಪರೀಕ್ಷೆಯಿರಲಿಲ್ಲ, ಸಾಮ್ರಾಜ್ಯವಿರಲಿಲ್ಲ. ಹೆಸರು ಹೋಯಿತು. ಆದರೆ ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುವುದು, ಊರು ಅವರನ್ನು ಸಾಕುವುದು ನಮ್ಮ ಜಿಲ್ಲೆಯಲ್ಲಿ ಇಂದಿಗೂ ನಡೆದಿದೆ. ಇಪ್ಪತ್ತನೆಯ ಶತಮಾನದಲ್ಲಿ ಕ್ಷೀಣಿಸಿದ್ದ ದಿಗಂಬರ ಮುನಿಪರಂಪರೆಗೆ ಮತ್ತೆ ಚೈತನ್ಯ ತಂದ ಆಚಾರ್ಯ ಶಾಂತಿಸಾಗರರು ಚಿಕ್ಕೋಡಿ ಕಡೆಯ ಭೋಜ ಗ್ರಾಮದ ರೈತ ಮನೆತನದವರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟರು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸೇವೆಯಲ್ಲಿದ್ದಾಗ ಹತ್ತಾರು ಸಲ ಮಕ್ಕಳನ್ನು ಹಲಸಿಗೆ ಕರೆದುಕೊಂಡು ಹೋಗಿದ್ದೇನೆ. ಭೂವರಾಹ ನರಸಿಂಹ ದೇವಾಲಯವನ್ನು ತೋರಿಸಿ, ಗೋವೆಯ ಕದಂಬರ ಹೆಸರು ಹೇಳಿ, ಬುತ್ತಿ ಬಿಚ್ಚಿಸಿ ಉಣ್ಣಿಸಿ, ಬರುವಾಗ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿಸಿ ಮರಳುತ್ತಿದ್ದೆವು. ಒಮ್ಮೆ ಹುಡುಗಿಯೊಬ್ಬಳು ಊರಿನ ಹಳೆಯ ಬಸದಿಯ ಕಡೆ ಕೈತೋರಿಸಿ, "ಸರ್, ಇದು ಯಾರದು?" ಎಂದಳು. "ಅದೇನೋ ಜೈನರ ಹಳೇ ಗುಡಿ, ನಡಿ ನಡಿ, ಬಸ್ಸು ಹೋಗುತ್ತದೆ" ಎಂದೆ. ಈಗಿರುವ ಆ ಕಟ್ಟಡ ಮೃಗೇಶನ ಕಾಲದ್ದಲ್ಲ, ಎಷ್ಟೋ ಈಚಿನದು. ಆದರೂ ಹುಡುಗಿಯ ಪ್ರಶ್ನೆಗೆ ಆ ಉತ್ತರ ಸಲ್ಲುತ್ತಿರಲಿಲ್ಲ. ಸಣ್ಣ ಮಾತೇ, ಆದರೂ ಮನಸ್ಸಿನಿಂದ ಹೋಗಿಲ್ಲ.

ಕಾರ್ತಿಕ ಹುಣ್ಣಿಮೆಗೆ ಎರಡು ದಿನವಿರುವಾಗ ಶಿಷ್ಯ ಕಾರು ತಂದ. ಇಬ್ಬರೂ ಹಲಸಿಗೆ ಹೋದೆವು. ಈ ಸಲ ಮೊದಲು ಬಸದಿಗೆ ಹೋಗಿ, ಆಮೇಲೆ ಉಳಿದುದನ್ನು ನೋಡಿದೆವು. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಮೃಗೇಶನ ಶಾಸನ, ಜಯಕೀರ್ತಿಯ ಮನೆತನದ ಕಥೆ ಎಲ್ಲವನ್ನೂ ಅಲ್ಲಿಯೇ ಕುಳಿತು ಹೇಳಿದೆ. ಅವನು ನಡುವೆ ಮಾತನಾಡಲಿಲ್ಲ. ಕೊನೆಗೆ, ಮೃಗೇಶನ ತಂದೆ ಸತ್ತು ಎಷ್ಟು ವರ್ಷದ ಮೇಲೆ ಅವನು ಗುಡಿ ಕಟ್ಟಿಸಿದ ಎಂದು ಕೇಳಿದ. ಅವನು ಪಟ್ಟಕ್ಕೆ ಬಂದ ಎಂಟನೆಯ ವರ್ಷದಲ್ಲಿ ಎಂದು ಶಾಸನ ಹೇಳುತ್ತದೆ ಎಂದೆ. "ಅಷ್ಟು ತಡವಾದರೂ ನಡೆಯುತ್ತದೆ ಅನ್ನಿ" ಎಂದ.

ಮರಳುವಾಗ ಕಾರನ್ನು ಬೇರೆ ದಾರಿಗೆ ತಿರುಗಿಸಿ ತಂದೆಯ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ. ಪಾಲಿಗೆ ಮಾಡುವವರು ಪೈರನ್ನು ಕೊಯ್ದು ಸಿವುಡು ಕಟ್ಟುತ್ತಿದ್ದರು. ಒಂದು ಸಿವುಡನ್ನು ಎತ್ತಿ ಮೂಸಿ ನೋಡಿದ. ಎಷ್ಟು ಚೀಲ ಬರಬಹುದೆಂದು ಕೇಳಿದ. ಮಾರಾಟದ ಮಾತನ್ನು ಅಂದು ಅವನು ಎತ್ತಲಿಲ್ಲ. ನಾನೂ ಕೇಳಲಿಲ್ಲ.